ಕೋಮಾದಲ್ಲಿದ್ದರೂ ಮಿದುಳಿಗೆ ಸದ್ದು ಕೇಳುತ್ತಾ?

ಟುಂ… ಟುಂ… ಟುಂ… ಟಿಂ!

ಕೊನೇ ಸದ್ದು ಬೇರೆ ಅಂತ ತಕ್ಷಣ ಗೊತ್ತಾಯ್ತಲ್ವಾ? ನೀವು ಗಮನ ಕೊಡದೇ ಇದ್ರೂ ನಿಮ್ಮ ಮಿದುಳು ಅದನ್ನ ಹಿಡಿಯುತ್ತೆ. ಸದ್ದು ಬದಲಾದ 100ರಿಂದ 250 ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಮಿದುಳಿನ ವಿದ್ಯುತ್ ಚಟುವಟಿಕೆ ದಾಖಲಿಸೋ ಇಇಜಿಯಲ್ಲಿ ಒಂದು ಪುಟ್ಟ ಅಲೆ ಕಾಣುತ್ತೆ. ಹೆಸರು ಮಿಸ್‌ಮ್ಯಾಚ್ ನೆಗೆಟಿವಿಟಿ. 1978ರಲ್ಲಿ ಇದನ್ನ ವರದಿ ಮಾಡಿದ್ದು ಫಿನ್‌ಲ್ಯಾಂಡಿನ ರಿಸ್ಟೊ ನಾತನೆನ್ ಮತ್ತು ಸಂಗಡಿಗರು.

ಕೋಮಾ ರೋಗಿಗೂ ಇದೇ ಪರೀಕ್ಷೆ. ತಲೆಗೆ ಎಲೆಕ್ಟ್ರೋಡ್, ಕಿವಿಗೆ ಇಯರ್‌ಫೋನ್. ಒಂದು ಸದ್ದಿಗೆ ಬರೋ ಸ್ಪಂದನೆ ತೀರಾ ಸಣ್ಣದು. ಅದಕ್ಕೇ ನೂರಾರು ಸಲ ಕೇಳಿಸಿ ಸರಾಸರಿ ತೆಗೀತಾರೆ.

ಹೃದಯ ಸ್ತಂಭನವಾಗಿ ಕೋಮಾಕ್ಕೆ ಜಾರಿದವರಿಗೆ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಇಂಥ ಸದ್ದುಗಳನ್ನ ಎರಡು ದಿನ ಕೇಳಿಸಿದ್ರು. 2013ರಲ್ಲಿ ಬಂದ ಫಲಿತಾಂಶ ಅಚ್ಚರಿಯದು. ಮೊದಲ ದಿನ, ಮುಂದೆ ಬದುಕುಳಿಯದವರ ಮಿದುಳು ಕೂಡ ವ್ಯತ್ಯಾಸ ಗುರುತಿಸಿತ್ತು! ನಿಜವಾದ ಸುಳಿವು ಸಿಕ್ಕಿದ್ದು ಎರಡನೇ ದಿನ: ಗುರುತಿಸೋ ಶಕ್ತಿ ಸುಧಾರಿಸಿದವರಲ್ಲಿ ಎಚ್ಚರವಾಗೋ ಸಾಧ್ಯತೆ ಹೆಚ್ಚಿತ್ತು.

ಆದ್ರೆ ನೆನಪಿರಲಿ. ಸ್ಪಂದನೆ ಬಂತು ಅಂದ್ರೆ ಪ್ರಜ್ಞೆ ಇದೆ ಅಂತಲ್ಲ. ಬರ್ಲಿಲ್ಲ ಅಂದ್ರೆ ಆಸೆ ಬಿಡಬೇಕು ಅಂತಲೂ ಅಲ್ಲ. ಉಳಿದ ಪರೀಕ್ಷೆಗಳ ಜೊತೆ ಇಟ್ಟು ನೋಡಿದಾಗಲೇ ಇದಕ್ಕೆ ಬೆಲೆ.