ಶಿಕ್ಷಣ ಮಂತ್ರಾಲಯ: ಭರವಸೆಯಿಂದ ಹಕ್ಕಿನವರೆಗೆ

(ಅಂತಿಮ ಬಿ.ಎ. ವಿದ್ಯಾರ್ಥಿ)

ಕಾಲೇಜಿನ ಪ್ರವೇಶದ ಅರ್ಜಿಯಲ್ಲಿ 'ತಂದೆ ತಾಯಿಯರ ವಿದ್ಯಾರ್ಹತೆ' ಎಂಬುದೊಂದು ಅಂಕಣವಿರುತ್ತದೆ. ಕೆಲವರು ಅದನ್ನು ಸರಸರನೆ ತುಂಬಿ ಮುಂದೆ ಸಾಗುತ್ತಾರೆ. ನನ್ನಂಥವರು ಅಲ್ಲಿ ಒಂದು ಗಳಿಗೆ ತಡೆಯುತ್ತೇವೆ. ತಂದೆಯ ಹೆಸರಿನ ಮುಂದೆ 'ನಾಲ್ಕನೆಯ ತರಗತಿ' ಎಂದು ಬರೆದು, ತಾಯಿಯ ಹೆಸರಿನ ಮುಂದೆ ಒಂದು ಗೆರೆ ಎಳೆಯುತ್ತೇನೆ. ಅಜ್ಜನ ವಿಷಯವನ್ನು ಅರ್ಜಿ ಕೇಳುವುದಿಲ್ಲ. ಕೇಳಿದ್ದರೆ ಅಲ್ಲಿಯೂ ಗೆರೆಯೇ. ಒಂದೇ ಮನೆ, ಒಂದೇ ಊರು, ಅದೇ ಎರಡೆಕರೆ ಹೊಲ. ಆದರೂ ಅಜ್ಜ ಹೆಬ್ಬೆಟ್ಟು ಒತ್ತಿದರು, ಅಪ್ಪ ನಾಲ್ಕಕ್ಕೆ ಬಿಟ್ಟರು, ನಾನು ಬಿ.ಎ. ತರಗತಿಯಲ್ಲಿ ಕುಳಿತಿದ್ದೇನೆ. ಅವರಿಗಿಂತ ನಾನು ಬುದ್ಧಿವಂತನೆಂದು ನನಗೆ ತೋರುವುದಿಲ್ಲ. ಹಾಗಾದರೆ ಕಾರಣವೇನು? ಕೇಂದ್ರ ಶಿಕ್ಷಣ ಮಂತ್ರಾಲಯದ ಇತಿಹಾಸವನ್ನು ಓದುತ್ತಾ ಹೋದಾಗ ಈ ಪ್ರಶ್ನೆಗೆ ಉತ್ತರದ ಒಂದು ಭಾಗವಾದರೂ ನನಗೆ ದೊರೆಯಿತು. ಅದನ್ನೇ ಸಹಪಾಠಿಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಪರರ ಆಳ್ವಿಕೆಯಲ್ಲಿ

ಈ ದೇಶದ ಜನರ ವಿದ್ಯಾಭ್ಯಾಸಕ್ಕೆ ಸರಕಾರ ಹಣ ಕೊಡಬೇಕೆಂಬ ಮಾತು ಕಾಯಿದೆಯಲ್ಲಿ ಮೊದಲು ಬಂದುದು 1813ರಲ್ಲಿ. ಈಸ್ಟ್ ಇಂಡಿಯಾ ಕಂಪನಿಯು ವರ್ಷಕ್ಕೆ ಒಂದು ಲಕ್ಷ ರೂಪಾಯಿಯನ್ನು ಇದಕ್ಕಾಗಿ ತೆಗೆದಿಡಬೇಕೆಂದು ಆ ವರ್ಷದ ಸನ್ನದು ವಿಧಿಸಿತು. 1854ರ ವುಡ್ ಸಾಹೇಬರ ಪತ್ರದಿಂದಾಗಿ ಪ್ರಾಂತಗಳಲ್ಲಿ ವಿದ್ಯಾ ಇಲಾಖೆಗಳು ಹುಟ್ಟಿದವು. 1857ರಲ್ಲಿ ಕಲಕತ್ತೆ, ಮುಂಬಯಿ, ಮದರಾಸುಗಳಲ್ಲಿ ವಿಶ್ವವಿದ್ಯಾನಿಲಯಗಳು ಸ್ಥಾಪನೆಯಾದವು. ಆದರೆ ಇಡೀ ದೇಶದ ಶಿಕ್ಷಣವನ್ನು ನೋಡಿಕೊಳ್ಳಲು ಭಾರತ ಸರಕಾರದಲ್ಲಿ ಪ್ರತ್ಯೇಕ ಇಲಾಖೆಯೊಂದು ತೆರೆದುದು 1910ರಲ್ಲಿ ಮಾತ್ರ. ಅಲ್ಲಿಯವರೆಗೆ ಈ ವಿಷಯ ಗೃಹ ಇಲಾಖೆಯ ಕಡತಗಳ ನಡುವೆ ಒಂದಾಗಿತ್ತು.

ಮರುವರ್ಷವೇ, ಎಂದರೆ 1911ರಲ್ಲಿ, ಗೋಪಾಲಕೃಷ್ಣ ಗೋಖಲೆಯವರು ಪ್ರಾಥಮಿಕ ಶಿಕ್ಷಣವನ್ನು ಕ್ರಮಕ್ರಮವಾಗಿ ಕಡ್ಡಾಯಗೊಳಿಸುವ ಮಸೂದೆಯನ್ನು ಕೇಂದ್ರ ಶಾಸನಸಭೆಯ ಮುಂದಿಟ್ಟರು. 1912ರಲ್ಲಿ ಅದು ಮತಕ್ಕೆ ಬಂದಾಗ ಪರವಾಗಿ 13, ವಿರುದ್ಧವಾಗಿ 38 ಮತಗಳು ಬಿದ್ದು ಮಸೂದೆ ಸೋತುಹೋಯಿತು. ಬ್ರಿಟಿಷ್ ಭಾರತದಲ್ಲಿ ಆಗದ ಈ ಕೆಲಸವನ್ನು ಕೆಲವು ದೇಶೀಯ ಸಂಸ್ಥಾನಗಳು ಕೈಗೆತ್ತಿಕೊಂಡವೆಂಬುದನ್ನು ಇಲ್ಲಿ ನೆನೆಯಬೇಕು. ಬರೋಡಾ ಸಂಸ್ಥಾನ 1906ರಲ್ಲೇ ಇದನ್ನು ಮಾಡಿತ್ತು. ನಮ್ಮ ಮೈಸೂರಿನಲ್ಲಿ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ, ಆಯ್ದ ಸ್ಥಳಗಳಲ್ಲಿ ಶಿಕ್ಷಣವನ್ನು ಕಡ್ಡಾಯ ಮಾಡಲು ಅವಕಾಶವೀಯುವ ಶಾಸನ ಬಂದಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ತಲೆಯೆತ್ತಿತು.

1919ರ ಸುಧಾರಣೆಗಳಿಂದ ಶಿಕ್ಷಣವು ಪ್ರಾಂತದ ಮಂತ್ರಿಗಳ ಪಾಲಿಗೆ ಹೋಯಿತು. ಕೇಂದ್ರದ ಇಲಾಖೆಗೆ ಕೆಲಸ ಕಡಿಮೆಯಾದುದರಿಂದ 1923ರಲ್ಲಿ ಅದನ್ನು ಆರೋಗ್ಯ ಮತ್ತು ಭೂಮಿಗಳ ಜೊತೆಗೆ ಒಂದೇ ನೊಗಕ್ಕೆ ಕಟ್ಟಿದರು. ಪುನಃ ಅದು ಸ್ವತಂತ್ರ ಇಲಾಖೆಯಾದುದು 1945ರಲ್ಲಿ. ಅದರ ಹಿಂದಿನ ವರ್ಷ, 1944ರಲ್ಲಿ, ಸರಕಾರದ ಶಿಕ್ಷಣ ಸಲಹೆಗಾರರಾಗಿದ್ದ ಸಾರ್ಜೆಂಟರ ಹೆಸರಿನಲ್ಲಿ ಪ್ರಸಿದ್ಧವಾದ ಯೋಜನೆ ಹೊರಬಿದ್ದಿತ್ತು. ಆರರಿಂದ ಹದಿನಾಲ್ಕು ವರ್ಷದ ಮಕ್ಕಳೆಲ್ಲರಿಗೂ ಉಚಿತ, ಕಡ್ಡಾಯ ಶಿಕ್ಷಣ ಕೊಡಲು ನಲವತ್ತು ವರ್ಷ ಬೇಕೆಂದು ಅದು ಲೆಕ್ಕ ಹಾಕಿತು. ಅಂದರೆ 1984. ಸ್ವಾತಂತ್ರ್ಯದ ಹೊಸ್ತಿಲಲ್ಲಿ ನಿಂತ ದೇಶಕ್ಕೆ ಅಷ್ಟು ಕಾಲ ಕಾಯುವ ತಾಳ್ಮೆ ಇರಲಿಲ್ಲ. ಅದು ತೀರ ದೀರ್ಘವಾಯಿತೆಂಬ ಟೀಕೆ ಬಂದಿತು. ಈ ನಲವತ್ತರ ಅಂಕಿಯನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ಆಜಾದರ ಕಾಲ

1947ರಲ್ಲಿ ಇಲಾಖೆಯು ಮಂತ್ರಾಲಯವಾಯಿತು. ಮೊದಲ ಶಿಕ್ಷಣ ಮಂತ್ರಿಗಳು ಮೌಲಾನಾ ಅಬುಲ್ ಕಲಾಂ ಆಜಾದರು. ಮಕ್ಕಾದಲ್ಲಿ 1888ರಲ್ಲಿ ಹುಟ್ಟಿದ ಅವರು ನಮ್ಮ ಹಾಗೆ ಶಾಲೆ ಕಾಲೇಜುಗಳಲ್ಲಿ ಓದಿದವರಲ್ಲ. ತಂದೆಯಿಂದಲೂ ಮನೆಗೆ ಬಂದ ಗುರುಗಳಿಂದಲೂ ಕಲಿತವರು. 1958ರ ಫೆಬ್ರವರಿಯಲ್ಲಿ ಕಾಲವಾಗುವವರೆಗೆ ಹನ್ನೊಂದು ವರ್ಷ ಈ ಹೊಣೆಯನ್ನು ಹೊತ್ತಿದ್ದರು. ಅವರ ಜನ್ಮದಿನವಾದ ನವೆಂಬರ್ 11ನ್ನು 2008ರಿಂದ ರಾಷ್ಟ್ರೀಯ ಶಿಕ್ಷಣ ದಿನವೆಂದು ಆಚರಿಸಲಾಗುತ್ತಿದೆ.

ಆ ಕಾಲದಲ್ಲಿ ಕಟ್ಟಿದ ಸಂಸ್ಥೆಗಳ ನೆರಳಿನಲ್ಲೇ ನಾವು ಇಂದಿಗೂ ಓದುತ್ತಿದ್ದೇವೆ. ರಾಧಾಕೃಷ್ಣನ್ನರ ಅಧ್ಯಕ್ಷತೆಯ ವಿಶ್ವವಿದ್ಯಾನಿಲಯ ಶಿಕ್ಷಣ ಆಯೋಗ 1948ರಲ್ಲಿ ನೇಮಕವಾಯಿತು. 1951ರಲ್ಲಿ ಖರಗಪುರದಲ್ಲಿ ಮೊದಲ ಐ.ಐ.ಟಿ. ಆರಂಭವಾಯಿತು. 1953ರಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ, ಅಂದರೆ ನಮ್ಮ ಯು.ಜಿ.ಸಿ., ಕಾರ್ಯಾರಂಭ ಮಾಡಿ 1956ರಲ್ಲಿ ಕಾಯಿದೆಯ ಬಲ ಪಡೆಯಿತು. ಸಾಹಿತ್ಯ ಅಕಾಡೆಮಿ, ಸಂಗೀತ ನಾಟಕ ಅಕಾಡೆಮಿ, ಲಲಿತ ಕಲಾ ಅಕಾಡೆಮಿಗಳೂ ಆ ವರ್ಷಗಳ ಕೂಸುಗಳೇ.

ಆದರೆ ಊರಿನ ಶಾಲೆಯ ಕಥೆ ಬೇರೆ. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 45ನೆಯ ಅನುಚ್ಛೇದವು, ಹದಿನಾಲ್ಕು ವರ್ಷ ತುಂಬುವವರೆಗೆ ಎಲ್ಲ ಮಕ್ಕಳಿಗೂ ಉಚಿತ, ಕಡ್ಡಾಯ ಶಿಕ್ಷಣ ಕೊಡಲು ರಾಜ್ಯವು ಹತ್ತು ವರ್ಷಗಳೊಳಗೆ ಪ್ರಯತ್ನಿಸತಕ್ಕದ್ದೆಂದು ಹೇಳಿತು. ಸಾರ್ಜೆಂಟರು ನಲವತ್ತೆಂದದ್ದನ್ನು ನಾವು ಹತ್ತಕ್ಕೆ ಇಳಿಸಿದೆವು. ಆಗ ನಮ್ಮ ಅಜ್ಜನಿಗೆ ಐದು ವರ್ಷ. ಗಡುವು ಮುಗಿದ 1960ರಲ್ಲಿ ಹದಿನೈದು. ಆ ವಾಕ್ಯವನ್ನು ಯಾವ ಮಗುವಿಗಾಗಿ ಬರೆದರೋ ಆ ಮಗು ನಮ್ಮ ಅಜ್ಜನೇ ಎನ್ನಬಹುದು. ಆ ಹತ್ತು ವರ್ಷವನ್ನೂ ಅವರು ದನ ಕಾಯುವುದರಲ್ಲಿ ಕಳೆದರು.

ಇದಕ್ಕೆ ಯಾರನ್ನು ದೂರಬೇಕು? 45ನೆಯ ಅನುಚ್ಛೇದ ಇದ್ದುದು ರಾಜ್ಯನೀತಿಯ ನಿರ್ದೇಶಕ ತತ್ತ್ವಗಳ ಭಾಗದಲ್ಲಿ. ಆ ತತ್ತ್ವಗಳು ಸರಕಾರಕ್ಕೆ ದಾರಿ ತೋರುತ್ತವೆ. ಆದರೆ ಅವು ನಡೆಯಲಿಲ್ಲವೆಂದು ಯಾರೂ ನ್ಯಾಯಾಲಯದ ಬಾಗಿಲು ತಟ್ಟುವಂತಿಲ್ಲ. ಅದೂ ಅಲ್ಲದೆ ಶಿಕ್ಷಣ ರಾಜ್ಯಗಳ ಪಟ್ಟಿಯಲ್ಲಿತ್ತು. ದೆಹಲಿಯ ಮಂತ್ರಾಲಯ ಸಲಹೆ ಕೊಡಬಹುದಿತ್ತು, ಸ್ವಲ್ಪ ಹಣ ಕೊಡಬಹುದಿತ್ತು; ಶಾಲೆ ತೆರೆಯುವುದು, ಮಾಸ್ತರರನ್ನು ನೇಮಿಸುವುದು ರಾಜ್ಯದ ಕೆಲಸ. ರಾಜ್ಯದ ಬೊಕ್ಕಸದಲ್ಲಿ ಹಣ ಸಾಲದು. 1951ರ ಜನಗಣತಿಯಲ್ಲಿ ದೇಶದ ಅಕ್ಷರಸ್ಥರು ಶೇಕಡಾ 18ರಷ್ಟು ಮಾತ್ರ ಎಂಬುದನ್ನು ನೆನೆದರೆ ಹೊರೆ ಎಷ್ಟೆಂಬುದು ತಿಳಿದೀತು.

ಹೊಣೆ ಯಾರದು?

1964ರಲ್ಲಿ ನೇಮಕವಾದ ಕೊಠಾರಿ ಆಯೋಗ ಎರಡು ವರ್ಷ ಅಧ್ಯಯನ ನಡೆಸಿ 1966ರಲ್ಲಿ ವರದಿ ಕೊಟ್ಟಿತು. ಬಡವ ಬಲ್ಲಿದರ ಮಕ್ಕಳು ಒಂದೇ ಶಾಲೆಯಲ್ಲಿ ಕಲಿಯುವ ಸಮಾನ ಶಾಲಾ ಪದ್ಧತಿ ಬರಬೇಕು, ರಾಷ್ಟ್ರೀಯ ಆದಾಯದ ಶೇಕಡಾ 6ರಷ್ಟು ಶಿಕ್ಷಣಕ್ಕೆ ಸಲ್ಲಬೇಕು ಎಂಬುದು ಅದರ ಮುಖ್ಯ ಮಾತುಗಳಲ್ಲಿ ಎರಡು. ಅದರ ಆಧಾರದ ಮೇಲೆ 1968ರಲ್ಲಿ ಮೊದಲ ರಾಷ್ಟ್ರೀಯ ಶಿಕ್ಷಣ ನೀತಿ ಬಂದಿತು. ಆ ಶೇಕಡಾ ಆರನ್ನು ಅಂದಿನಿಂದ ಪ್ರತಿಯೊಂದು ನೀತಿಯೂ ಉಚ್ಚರಿಸುತ್ತ ಬಂದಿದೆ; ನಾವು ಇನ್ನೂ ಅಲ್ಲಿಗೆ ಮುಟ್ಟಿಲ್ಲ.

ಈ ಕಾಲಕ್ಕೆ ಸೇರಿದ ಒಂದು ಸಂಗತಿ ನಮಗೆ ಹತ್ತಿರದ್ದು. 1969ರಿಂದ 1971ರವರೆಗೆ ಶಿಕ್ಷಣ ಮಂತ್ರಿಗಳಾಗಿದ್ದ ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಅವರು ಬಳ್ಳಾರಿಯಿಂದ ಲೋಕಸಭೆಗೆ ಆರಿಸಿ ಹೋದವರು. ಮಂತ್ರಾಲಯದ ಆಶ್ರಯದಲ್ಲಿ ಮೈಸೂರಿನ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆ ಆರಂಭವಾದುದೂ 1969ರಲ್ಲೇ.

1976ರ 42ನೆಯ ತಿದ್ದುಪಡಿ ಶಿಕ್ಷಣವನ್ನು ರಾಜ್ಯ ಪಟ್ಟಿಯಿಂದ ಸಮವರ್ತಿ ಪಟ್ಟಿಗೆ ಸಾಗಿಸಿತು. ಅಂದಿನಿಂದ ಇಬ್ಬರೂ ಶಾಸನ ಮಾಡಬಹುದು. ವಿರೋಧ ಬಂದಲ್ಲಿ ಸಾಮಾನ್ಯವಾಗಿ ಕೇಂದ್ರದ ಮಾತು ನಿಲ್ಲುತ್ತದೆ. ಇದು ರಾಜ್ಯಗಳ ಅಧಿಕಾರಕ್ಕೆ ಕೈ ಹಾಕಿದಂತೆ ಎಂದು ಆಕ್ಷೇಪಿಸುವವರಿದ್ದಾರೆ, ಅದರಲ್ಲಿ ಹುರುಳಿಲ್ಲದಿಲ್ಲ. ಮುಂದೆ ಬಂದ ಹಕ್ಕಿನ ಕಾಯಿದೆಗೆ ದಾರಿ ಮಾಡಿದುದೂ ಇದೇ ಬದಲಾವಣೆ ಎಂಬುದನ್ನೂ ಒಪ್ಪಬೇಕು.

1985ರಲ್ಲಿ ಮಂತ್ರಾಲಯಕ್ಕೆ 'ಮಾನವ ಸಂಪನ್ಮೂಲ ಅಭಿವೃದ್ಧಿ' ಎಂಬ ಹೊಸ ಹೆಸರಿಟ್ಟರು. ಪಿ.ವಿ. ನರಸಿಂಹರಾಯರು ಅದರ ಮಂತ್ರಿಗಳಾಗಿದ್ದಾಗ 1986ರ ನೀತಿ ಹೊರಬಂದು ನವೋದಯ ಶಾಲೆಗಳು ಹುಟ್ಟಿದವು. ಪ್ರತಿ ಪ್ರಾಥಮಿಕ ಶಾಲೆಗೆ ಕನಿಷ್ಠ ಎರಡು ಕೋಣೆ, ಇಬ್ಬರು ಶಿಕ್ಷಕರು, ಪಾಠೋಪಕರಣಗಳು ಇರಬೇಕೆಂದು 'ಆಪರೇಷನ್ ಬ್ಲ್ಯಾಕ್‌ಬೋರ್ಡ್' ಯೋಜನೆ 1987ರಲ್ಲಿ ಆರಂಭವಾಯಿತು. ನಮ್ಮ ಅಪ್ಪ ಓದಿದುದು ಒಂದೇ ಕೋಣೆಯ, ಒಬ್ಬರೇ ಮಾಸ್ತರರ ಶಾಲೆಯಲ್ಲಿ. ಮಾಸ್ತರರು ಗಣತಿಗೋ ಚುನಾವಣೆಗೋ ಹೋದರೆ ಶಾಲೆಗೆ ಬೀಗ. ಐದನೆಯ ತರಗತಿಗೆ ಮೂರು ಮೈಲಿ ನಡೆಯಬೇಕಾಗಿತ್ತು. 1985ರಲ್ಲಿ ಅಪ್ಪ ಶಾಲೆ ಬಿಟ್ಟರು. ಎರಡನೆಯ ಮಾಸ್ತರರು ಬರಬೇಕೆಂಬ ಯೋಜನೆ ಎರಡು ವರ್ಷ ತಡವಾಗಿ ಬಂದಿತು. ಸಾರ್ಜೆಂಟರ ನಲವತ್ತು ವರ್ಷವೂ ಆಗಲೇ ಮುಗಿದಿತ್ತು.

ಭರವಸೆ ಹಕ್ಕಾದ ಬಗೆ

ಮುಂದಿನ ತಿರುವು ನ್ಯಾಯಾಲಯದಿಂದ ಬಂದಿತು. ಅದೂ ನಮ್ಮ ರಾಜ್ಯದ ಮೊಕದ್ದಮೆಯಿಂದ. ಖಾಸಗಿ ವೈದ್ಯಕೀಯ ಕಾಲೇಜಿನ ದುಬಾರಿ ಶುಲ್ಕವನ್ನು ಪ್ರಶ್ನಿಸಿದ 'ಮೋಹಿನಿ ಜೈನ್ ವಿರುದ್ಧ ಕರ್ನಾಟಕ ರಾಜ್ಯ' ಪ್ರಕರಣದಲ್ಲಿ, ಶಿಕ್ಷಣದ ಹಕ್ಕು ಜೀವಿಸುವ ಹಕ್ಕಿನಲ್ಲೇ ಅಡಗಿದೆಯೆಂದು ಸರ್ವೋಚ್ಚ ನ್ಯಾಯಾಲಯ 1992ರಲ್ಲಿ ಹೇಳಿತು. 1993ರ ಉನ್ನಿಕೃಷ್ಣನ್ ಪ್ರಕರಣದಲ್ಲಿ ಈ ಹಕ್ಕು ಹದಿನಾಲ್ಕು ವರ್ಷದವರೆಗೆ ಎಂದು ಗೆರೆ ಎಳೆಯಿತು. 1995ರಲ್ಲಿ ಕೇಂದ್ರದ ಮಧ್ಯಾಹ್ನದ ಊಟದ ಯೋಜನೆ, 2001ರಲ್ಲಿ ಸರ್ವ ಶಿಕ್ಷಣ ಅಭಿಯಾನ ಬಂದವು. 2002ರ 86ನೆಯ ತಿದ್ದುಪಡಿಯು 21-ಎ ಅನುಚ್ಛೇದವನ್ನು ಸೇರಿಸಿ, ಆರರಿಂದ ಹದಿನಾಲ್ಕರವರೆಗಿನ ಶಿಕ್ಷಣವನ್ನು ಮೂಲಭೂತ ಹಕ್ಕನ್ನಾಗಿ ಮಾಡಿತು. ಅದನ್ನು ನಡೆಸುವ ಕಾಯಿದೆ 2009ರಲ್ಲಿ ಅಂಗೀಕಾರವಾಗಿ 2010ರ ಏಪ್ರಿಲ್ 1ರಂದು ಜಾರಿಗೆ ಬಂದಿತು.

ನಾನು ಒಂದನೆಯ ತರಗತಿಗೆ ಸೇರಿದುದು 2011ರ ಜೂನ್ ತಿಂಗಳಲ್ಲಿ. ಅದೇ ವರ್ಷದ ಜನಗಣತಿಯಲ್ಲಿ ದೇಶದ ಅಕ್ಷರಸ್ಥರು ಶೇಕಡಾ 74. ನಮ್ಮೂರ ಶಾಲೆಯಲ್ಲಿ ಐದು ಕೋಣೆಗಳಿದ್ದವು, ನಾಲ್ವರು ಶಿಕ್ಷಕರಿದ್ದರು, ಮಧ್ಯಾಹ್ನ ಬಿಸಿಯೂಟವಿತ್ತು. ಒಂದು ಸುಗ್ಗಿಯಲ್ಲಿ ನಾನು ವಾರಗಟ್ಟಲೆ ಶಾಲೆ ತಪ್ಪಿಸಿದಾಗ ಮೇಷ್ಟ್ರು ಮನೆಗೇ ಬಂದು, 'ಮಗೂನ ಕಳಿಸಪ್ಪ, ಈಗ ಕಾನೂನು ಇದೆ' ಎಂದು ಅಪ್ಪನಿಗೆ ಹೇಳಿದುದು ನೆನಪಿದೆ. ಅಪ್ಪನನ್ನು ಕರೆಯಲು ಹಾಗೆ ಯಾರೂ ಬಂದಿರಲಿಲ್ಲ.

ಇಂದಿನ ಕಾರ್ಯ

2020ರ ಜುಲೈಯಲ್ಲಿ ಹೊಸ ಶಿಕ್ಷಣ ನೀತಿಯೊಂದಿಗೆ ಮಂತ್ರಾಲಯವು ತನ್ನ ಹಳೆಯ ಹೆಸರಿಗೆ ಮರಳಿತು. ಅದರಲ್ಲಿ ಎರಡು ಇಲಾಖೆಗಳಿವೆ: ಒಂದು ಶಾಲಾ ಶಿಕ್ಷಣ ಮತ್ತು ಸಾಕ್ಷರತೆಯದು, ಇನ್ನೊಂದು ಉನ್ನತ ಶಿಕ್ಷಣದ್ದು. ಕೇಂದ್ರೀಯ ವಿದ್ಯಾಲಯ, ನವೋದಯ, ಐ.ಐ.ಟಿ., ಕಲಬುರಗಿಯಲ್ಲಿರುವಂಥ ಕೇಂದ್ರೀಯ ವಿಶ್ವವಿದ್ಯಾನಿಲಯ ಇವು ಅದರ ನೇರ ಆಶ್ರಯದವು. ಉಳಿದ ಶಾಲೆ ಕಾಲೇಜುಗಳನ್ನು ನಡೆಸುವುದು ರಾಜ್ಯ ಸರಕಾರಗಳೇ. ಅಲ್ಲಿ ಮಂತ್ರಾಲಯದ ಪಾತ್ರ ಮೂರು ಬಗೆಯದು: ಹಣದ ಪಾಲು ಕೊಡುವುದು, ಮಟ್ಟವನ್ನು ಗೊತ್ತುಪಡಿಸುವುದು, ನೀತಿ ಹೇಳುವುದು. ಸಮಗ್ರ ಶಿಕ್ಷಣ ಯೋಜನೆಯಲ್ಲಿ ನಮ್ಮಂಥ ರಾಜ್ಯಗಳಿಗೆ ಕೇಂದ್ರ 60, ರಾಜ್ಯ 40 ಪಾಲು. ನಮ್ಮ ಅಧ್ಯಾಪಕರ ನೇಮಕ ಮತ್ತು ಸಂಬಳ ರಾಜ್ಯದ್ದು. ಅವರ ಅರ್ಹತೆಯ ಮಟ್ಟ ಯು.ಜಿ.ಸಿ.ಯದು. ನ್ಯಾಕ್ ಸಮಿತಿ ಬರುವ ವರ್ಷ ಕಾಲೇಜಿನ ಗೋಡೆಗಳಿಗೆ ಸುಣ್ಣ ಬಳಿಯುವ ಸಡಗರವನ್ನು ಕಂಡವರಿಗೆ ಈ 'ಮಟ್ಟ ಗೊತ್ತುಪಡಿಸುವುದು' ಏನೆಂದು ವಿವರಿಸಬೇಕಾಗಿಲ್ಲ.

ಇಬ್ಬರು ಒಡೆಯರ ತೊಂದರೆಯನ್ನೂ ನಮ್ಮ ಪೀಳಿಗೆ ಕಂಡಿದೆ. 2020ರ ನೀತಿಯಂತೆ ಕರ್ನಾಟಕದಲ್ಲಿ 2021ರಿಂದ ನಾಲ್ಕು ವರ್ಷದ ಪದವಿ ಬಂದಿತು. ರಾಜ್ಯ ಸರಕಾರ ತನ್ನದೇ ನೀತಿಗಾಗಿ ಆಯೋಗ ರಚಿಸಿ, 2024ರಿಂದ ಪುನಃ ಮೂರು ವರ್ಷಕ್ಕೆ ಮರಳಿತು. ಯಾರದು ಸರಿ ಎಂಬ ಚರ್ಚೆಗೆ ಇದು ಸ್ಥಳವಲ್ಲ. ಕೂಲಿ ಮಾಡಿ ಓದಿಸುವ ಮನೆಯಲ್ಲಿ ಒಂದು ವರ್ಷ ಹೆಚ್ಚೋ ಕಡಿಮೆಯೋ ಎಂಬುದು ಮಾತ್ರ ಸಣ್ಣ ವಿಷಯವಲ್ಲ.

ಕೊನೆಯದಾಗಿ ಒಂದು ಮಾತು. ನನ್ನ ಜೊತೆ ಎಂಟನೆಯ ತರಗತಿಯವರೆಗೆ ಓದಿ, ಲೆಕ್ಕದಲ್ಲಿ ನನಗಿಂತ ಸದಾ ಮುಂದಿದ್ದ ಹುಡುಗಿಯೊಬ್ಬಳಿದ್ದಳು. ಪ್ರೌಢಶಾಲೆ ದೂರ, ಬಸ್ಸಿಲ್ಲ. ಅವಳ ಓದು ಅಲ್ಲಿಗೆ ನಿಂತಿತು. ಈ ಸಲ ಮೇಷ್ಟ್ರು ಅವಳ ಮನೆಗೆ ಹೋಗಲಿಲ್ಲ; ಹೋದರೂ 'ಕಾನೂನು ಇದೆ' ಎನ್ನುವಂತಿರಲಿಲ್ಲ. ಕಾಯಿದೆಯ ಹಕ್ಕು ಹದಿನಾಲ್ಕಕ್ಕೆ ಮುಗಿಯುತ್ತದೆ. ಮೂರರಿಂದ ಹದಿನೆಂಟು ವರ್ಷದ ಎಲ್ಲರಿಗೂ 2030ರೊಳಗೆ ಶಾಲಾ ಶಿಕ್ಷಣ ದೊರೆಯಬೇಕೆಂದು 2020ರ ನೀತಿ ಹೇಳುತ್ತದೆ. ಇದು ಮತ್ತೆ ಒಂದು ಭರವಸೆ, ಮತ್ತೆ ಒಂದು ಗಡುವು. ಮೊದಲ ಭರವಸೆ ಹಕ್ಕಾಗಲು 1950ರಿಂದ 2010ರವರೆಗೆ ಅರವತ್ತು ವರ್ಷ ಹಿಡಿಯಿತು. ಅಷ್ಟರಲ್ಲಿ ನಮ್ಮ ಮನೆಯಲ್ಲಿ ಎರಡು ತಲೆಮಾರು ಹೊಲಕ್ಕೆ ಹೋಯಿತು. ಈ ಸಲ ಅಷ್ಟು ತಡವಾಗದಂತೆ ನೋಡಿಕೊಳ್ಳಲು ಓದಿದವರಾದ ನಾವು ಕೇಳುತ್ತಿರಬೇಕು. ಅಜ್ಜನಿಗೆ ಕೇಳಲು ಅಕ್ಷರವಿರಲಿಲ್ಲ. ನಮಗಿದೆ.