ಗಾಳದ ರೀಲಿನ ಜೀರ್ಣೋದ್ಧಾರ

ಯಂತ್ರವು ಚಿಕ್ಕದಾದಷ್ಟೂ ಅದರ ದೋಷವು ಕೈಗೆ ಬೇಗನೆ ತಿಳಿಯುತ್ತದೆ. ಹೊಲಿಗೆಯ ಯಂತ್ರವನ್ನು ಬಳಸಿದ ಗೃಹಿಣಿಯರೆಲ್ಲರೂ ಈ ಮಾತನ್ನು ಒಪ್ಪುವರು. ಗಾಳದ ಕೋಲಿಗೆ ಕಟ್ಟುವ ರೀಲೂ ಇದೇ ಜಾತಿಯದು. ದಾರವನ್ನು ಸುತ್ತಿಕೊಳ್ಳುವ ಉರುಳೆಯೊಂದು, ಪಕ್ಕದಲ್ಲಿ ಹಿಡಿಯೊಂದು, ಇವೆರಡರ ನಡುವೆ ಒಂದು ದೊಡ್ಡ ಹಲ್ಲುಚಕ್ರ ಮತ್ತು ಒಂದು ಚಿಕ್ಕ ಹಲ್ಲುಚಕ್ರ, ನೋಡುವುದಕ್ಕೆ ಇಷ್ಟೇ. ಆದರೆ ಬಹುಕಾಲ ಪೆಟ್ಟಿಗೆಯಲ್ಲಿ ಬಿದ್ದಿದ್ದ ರೀಲನ್ನು ತೆಗೆದು ತಿರುಗಿಸಿದರೆ ಅದು ಗರಗರನೆ ಸದ್ದುಮಾಡುತ್ತದೆ, ಇಲ್ಲವೆ ಅಲುಗಾಡುವುದೇ ಇಲ್ಲ. ಇದನ್ನು ಕಂಡು ಕೆಲವರು, ಯಂತ್ರವು ಸವೆದುಹೋಯಿತೆಂದು ಗುಜರಿಗೆ ಹಾಕುತ್ತಾರೆ. ಮತ್ತೆ ಕೆಲವರು ಅರದಿಂದ ಉಜ್ಜಿ ನಯಮಾಡಲು ತೊಡಗುತ್ತಾರೆ. ಒರಟುತನಕ್ಕೆ ಕಾರಣವು ಸವೆತವೋ ಕೊಳೆಯೋ ಎಂಬ ವಿಚಾರವನ್ನು ಇಬ್ಬರೂ ಮಾಡಿರುವುದಿಲ್ಲ. ಬಹುಮಟ್ಟಿಗೆ ಅದು ಒಣಗಿದ ಗ್ರೀಸು, ಉಪ್ಪು, ಮರಳು ಮತ್ತು ಕಿಲುಬುಗಳ ಫಲವೇ ಆಗಿರುತ್ತದೆ.

ಈ ಯಂತ್ರದ ಹುಟ್ಟನ್ನು ನೋಡಿದರೆ ಅದನ್ನು ಹೇಗೆ ಉಪಚರಿಸಬೇಕೆಂಬುದು ತಾನಾಗಿ ತಿಳಿಯುತ್ತದೆ. ಹಿಡಿಯು ಒಂದು ಸುತ್ತು ತಿರುಗಿದರೆ ಉರುಳೆಯು ಹಲವು ಸುತ್ತು ತಿರುಗುವ ರೀಲುಗಳು ಮೊದಲೇ ಇಂಗ್ಲೆಂಡಿನಲ್ಲಿದ್ದವು. ಅವಕ್ಕೆ ಗಡಿಯಾರದ ನಯವನ್ನು ತಂದವರು ಅಮೆರಿಕದ ಕೆಂಟಕಿ ಸಂಸ್ಥಾನದವರು. 19ನೆಯ ಶತಮಾನದ ಮೊದಲ ದಶಕಗಳಲ್ಲಿ ಅಲ್ಲಿನ ಪ್ಯಾರಿಸ್ ಎಂಬ ಊರಿನಲ್ಲಿ ಜಾರ್ಜ್ ಸ್ನೈಡರ್ ಎಂಬ ಗಡಿಯಾರದ ಕೆಲಸಗಾರನು ಇಂಥ ರೀಲುಗಳನ್ನು ಮಾಡಿದನು. ತರುವಾಯ ಫ್ರಾಂಕ್‌ಫರ್ಟ್ ಪಟ್ಟಣದ ಮೀಕ್ ಸಹೋದರರು ಆ ಕೌಶಲವನ್ನು ಮುಂದುವರಿಸಿದರು. ಇವರೂ ಗಡಿಯಾರದ ಕಸಬಿನವರೇ. ಇವರ ಕಾಲದ ಕೆಂಟಕಿ ರೀಲುಗಳಲ್ಲಿ ಒಂದೊಂದು ತಿರುಪಿಗೂ ಅದು ಕೂರುವ ತೂತಿಗೂ ಗುರುತಿನ ಅಂಕೆಗಳನ್ನು ಕೊರೆಯುತ್ತಿದ್ದರು. ಕೈಯಿಂದ ಕೊರೆದ ತಿರುಪು ತನ್ನ ತೂತಿಗೆ ಮಾತ್ರವೇ ಸರಿಹೊಂದುವುದರಿಂದ, ಬಿಚ್ಚಿದವನು ಅದನ್ನು ಮರಳಿ ಅಲ್ಲಿಯೇ ಇಡಲೆಂಬುದೇ ಅದರ ಉದ್ದೇಶ.

ಕಡಲ ಬೇಟೆ ಬೆಳೆದಂತೆ ಮತ್ತೊಂದು ಅಂಗವು ಸೇರಿತು. 1898ರಲ್ಲಿ ಕ್ಯಾಲಿಫೋರ್ನಿಯದ ಸಾಂಟಾ ಕ್ಯಾಟಲಿನಾ ದ್ವೀಪದ ಬಳಿ ಚಾರ್ಲ್ಸ್ ಹೋಲ್ಡರ್ ಎಂಬವರು 183 ಪೌಂಡು ತೂಕದ ಟ್ಯೂನಾ ಮೀನನ್ನು ಗಾಳದಿಂದ ಹಿಡಿದರು. ಅಂದಿನ ರೀಲುಗಳಲ್ಲಿ ಮೀನು ದಾರವನ್ನು ಎಳೆದಾಗ ಹಿಡಿಯು ಹಿಮ್ಮುಖವಾಗಿ ಗಿರ್ರನೆ ತಿರುಗಿ ಬೆರಳುಗಳಿಗೆ ಪೆಟ್ಟು ಕೊಡುತ್ತಿತ್ತು. ಹೆಬ್ಬೆರಳಿನಿಂದ ತೊಗಲಿನ ತುಂಡನ್ನು ಉರುಳೆಗೆ ಒತ್ತುವುದೊಂದೇ ತಡೆಯಾಗಿತ್ತು. ಇದಕ್ಕೆ ಪರಿಹಾರವಾಗಿ ದೊಡ್ಡ ಹಲ್ಲುಚಕ್ರದೊಳಗೆ ತೊಗಲು ಮತ್ತು ಲೋಹದ ಬಿಲ್ಲೆಗಳನ್ನು ಒಂದರ ಮೇಲೊಂದರಂತೆ ಜೋಡಿಸಿ, ನಕ್ಷತ್ರದಾಕಾರದ ತಿರುಗಣೆಯಿಂದ ಬಿಗಿಮಾಡುವ ಏರ್ಪಾಡು ಬಂದಿತು. ಹಿಡಿಯು ನಿಂತಿದ್ದರೂ ಉರುಳೆಯು ಹಿತವಾದ ತಡೆಯೊಡನೆ ದಾರವನ್ನು ಬಿಡುವುದೇ ಇದರ ಗುಣ. 1913ರಲ್ಲಿ ವಿಲಿಯಂ ಬಾಷನ್ ಎಂಬವರು ಇಂಥ ರೀಲಿನಿಂದಲೇ 355 ಪೌಂಡಿನ ಕತ್ತಿಮೀನನ್ನು ಹಿಡಿದರು. 1932ರಲ್ಲಿ ಆಟ್ಟೊ ಹೆನ್ಜೆ ಎಂಬವರು ಫಿಲಡೆಲ್ಫಿಯದಲ್ಲಿ ಪೆನ್ ಕಂಪೆನಿಯನ್ನು ಸ್ಥಾಪಿಸಿದ ಮೇಲೆ ಇವು ಸಾಮಾನ್ಯರ ಕೈಗೂ ಎಟುಕಿದವು.

ಈಗ ಕೆಲಸದ ಕ್ರಮವನ್ನು ನೋಡೋಣ. ಬಿಚ್ಚುವುದಕ್ಕೆ ಮೊದಲು ಹಿಡಿಯನ್ನು ಮೆಲ್ಲನೆ ತಿರುಗಿಸಿ ಕಿವಿಗೊಟ್ಟು ಕೇಳಬೇಕು. ಎಡೆಬಿಡದೆ ಗರಗರವೆಂದರೆ ಒಳಗೆ ಮರಳೋ ಉಪ್ಪೋ ಇದೆಯೆಂದು ತಿಳಿಯಬಹುದು. ಉರುಳೆಯ ಒಂದೊಂದು ಸುತ್ತಿಗೂ ಒಂದೇ ಕಡೆಯಲ್ಲಿ ಬಿಗಿಯಾದರೆ ಅಚ್ಚು ಬಾಗಿರಬಹುದು. ಹಲ್ಲುಹಲ್ಲಿಗೂ ತಡೆದು ನೆಗೆದರೆ ಮಾತ್ರವೇ ಚಕ್ರಗಳ ಸವೆತವನ್ನು ಶಂಕಿಸಬೇಕು. ಆಮೇಲೆ ಅಗಲವಾದ ತಟ್ಟೆಯಲ್ಲಿ ಬಿಳಿಯ ಬಟ್ಟೆಯನ್ನು ಹಾಸಿ, ಒಂದೊಂದು ಭಾಗವನ್ನು ಕಳಚಿದಾಗಲೂ ಛಾಯಾಚಿತ್ರವನ್ನು ತೆಗೆದು, ಕಳಚಿದ ಅನುಕ್ರಮದಲ್ಲಿಯೇ ಸಾಲಾಗಿ ಇಡತಕ್ಕದ್ದು. ತಿರುಪುಳಿಯ ಬಾಯಿ ತಿರುಪಿನ ಸೀಳಿಗೆ ಪೂರ್ತಿಯಾಗಿ ಕೂರಬೇಕು. ಬಾರದ ತಿರುಪಿಗೆ ತೆಳುವಾದ ಎಣ್ಣೆಯನ್ನು ಹನಿಸಿ ಒಂದು ರಾತ್ರಿ ಬಿಡಬೇಕಲ್ಲದೆ ಬಲವನ್ನು ತೋರಿಸಕೂಡದು.

ಲೋಹದ ಭಾಗಗಳನ್ನು ಬೆಂಕಿಯಿಂದ ದೂರವಾಗಿ, ಗಾಳಿಯಾಡುವ ಸ್ಥಳದಲ್ಲಿ, ಸೀಮೆಎಣ್ಣೆಯಲ್ಲಿ ನೆನೆಸಿ ಮೆತುವಾದ ಕುಂಚದಿಂದ ತೊಳೆಯಬೇಕು. ಹಳೆಯ ರೀಲುಗಳ ಪಕ್ಕದ ಫಲಕಗಳು ಗಟ್ಟಿ ರಬ್ಬರಿನಿಂದಲೋ ಬೇಕಲೈಟಿನಿಂದಲೋ ಆಗಿರುತ್ತವೆ. ಗಟ್ಟಿ ರಬ್ಬರು ಬಿಸಿನೀರಿನಿಂದ ಬಣ್ಣಗೆಟ್ಟು ಕಂದಾಗುವುದರಿಂದ, ಅಂಥ ಫಲಕಗಳನ್ನು ಸಾಬೂನು ಬೆರಸಿದ ತಣ್ಣೀರಿನ ಬಟ್ಟೆಯಿಂದ ಒರಸಿ ಬೇಗನೆ ಒಣಗಿಸಬೇಕು. ಕಿಲುಬನ್ನು ಮರದ ಕಡ್ಡಿಯಿಂದ ಕೆರೆದು ತೆಗೆಯಬಹುದು. ಹಲ್ಲುಗಳನ್ನು ಅರದಿಂದ ಮುಟ್ಟಲಾಗದು. ಅವುಗಳ ಬಾಗು ಒಂದಿಷ್ಟು ಕೆಟ್ಟರೂ ಚಕ್ರಗಳು ಎಂದಿಗೂ ನಯವಾಗಿ ಕೂಡವು. ನಿಜವಾಗಿಯೂ ಸವೆದಿದ್ದರೆ ಎರಡು ಚಕ್ರಗಳನ್ನೂ ಜೊತೆಯಾಗಿ ಬದಲಿಸುವುದು ಲೇಸು.

ರೀಲಿನ ನಯವು ಹೆಚ್ಚಾಗಿ ಪರೀಕ್ಷೆಗೆ ಬರುವುದು ತಡೆಯ ಬಿಲ್ಲೆಗಳಲ್ಲಿ. ಬಿಲ್ಲೆಯು ಗಟ್ಟಿಯಾಗಿ ಅಂಟಿಕೊಂಡಿದ್ದರೆ, ಮೀನು ಎಳೆದೊಡನೆ ಅದು ಮೊದಲು ಜಾರದೆ ನಿಂತು ಬಳಿಕ ಒಮ್ಮೆಲೇ ಬಿಟ್ಟುಬಿಡುತ್ತದೆ. ಆ ಒಂದು ಕ್ಷಣದಲ್ಲಿ ದಾರವು ತುಂಡಾಗುತ್ತದೆ. ಒಣಗಿದ ತೊಗಲಿಗೆ ಬದಲಾಗಿ ಈಗ ಇಂಗಾಲದ ನಾರಿನ ಬಿಲ್ಲೆಗಳು ದೊರೆಯುತ್ತವೆ. ಅವುಗಳಿಗೆ ಅದಕ್ಕೆಂದೇ ಮಾಡಿದ ಗ್ರೀಸನ್ನು ತೆಳುವಾಗಿ ಸವರಿದರೆ ಸಾಕು. ಕೆಲವು ಹಳೆಯ ಬಿಲ್ಲೆಗಳಲ್ಲಿ ಕಲ್ನಾರು ಬೆರೆತಿರಬಹುದಾದ ಕಾರಣ ಅವುಗಳನ್ನು ಒಣಗಿದಂತೆ ಉಜ್ಜುವುದಾಗಲಿ ಊದುವುದಾಗಲಿ ಕೂಡದು. ಅದರ ಧೂಳು ಶ್ವಾಸಕೋಶಕ್ಕೆ ಅಪಾಯಕರವಾದುದು.

ಇನ್ನು ಎಣ್ಣೆಯ ಮಾತು. ಹಲ್ಲುಚಕ್ರಗಳಿಗೆ ಗ್ರೀಸು, ಅಚ್ಚಿನ ತುದಿಗಳಿಗೆ ತೆಳುವಾದ ಎಣ್ಣೆಯ ಒಂದೊಂದು ಹನಿ. ಅಚ್ಚಿಗೆ ಗ್ರೀಸು ತುಂಬಿದರೆ ಉರುಳೆಯು ಭಾರವಾಗಿ ಗಾಳವು ದೂರಕ್ಕೆ ಹೋಗದು. ಹೊಲಿಗೆಯ ಯಂತ್ರದ ಎಣ್ಣೆಯು ಈ ಕೆಲಸಕ್ಕೆ ಒಪ್ಪುತ್ತದೆ. ಅಡಿಗೆಮನೆಯ ಎಣ್ಣೆಗಳು ಎಂದಿಗೂ ಸಲ್ಲವು. ಕೊಬ್ಬರಿ ಎಣ್ಣೆಯು ಚಳಿಗೆ ಹೆಪ್ಪುಗಟ್ಟುವುದನ್ನು ನಾವೆಲ್ಲರೂ ಬಲ್ಲೆವು, ಉಳಿದವು ಕಾಲಕ್ರಮದಲ್ಲಿ ಅಂಟಾಗುತ್ತವೆ.

ಜೋಡಿಸುವಾಗ ತಿರುಪುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಮಾಡಿದರೆ ಫಲಕವು ಓರೆಯಾಗದು. ಕಡೆಗೆ ದಾರದ ತುದಿಯನ್ನು ಸ್ಪ್ರಿಂಗು ತಕ್ಕಡಿಗೆ ಕಟ್ಟಿ ಎಳೆದು, ದಾರವು ತಾಳುವ ತೂಕದ ಕಾಲುಭಾಗದಿಂದ ಮೂರನೆಯ ಒಂದು ಭಾಗದವರೆಗೆ ತಡೆಯನ್ನು ಹೊಂದಿಸಬೇಕು. ಬಳಸಿದ ಮೇಲೆ ತಿರುಗಣೆಯನ್ನು ಸಡಿಲಮಾಡಿ ಇಟ್ಟರೆ ಬಿಲ್ಲೆಗಳು ಚಪ್ಪಟೆಯಾಗದೆ ಬಹುಕಾಲ ಉಳಿಯುವುವು.

ಹೊರಮೈಯ ಹೊಳಪಿನ ವಿಚಾರದಲ್ಲಿ ಮಿತಿಯು ಅವಶ್ಯ. ಉಜ್ಜುವ ಪುಡಿಯನ್ನು ಹಿಡಿದು ಕುಳಿತರೆ ಮೇಲಿನ ಲೇಪವು ಹೋಗುತ್ತದೆ, ಮಾಡಿದವನ ಹೆಸರೂ ಅಂಕೆಗಳೂ ಅಳಿಸಿಹೋಗುತ್ತವೆ. ಮೀಕ್ ಸಹೋದರರ ಕಾಲದ ರೀಲಿನಲ್ಲಿ ಆ ಅಂಕೆಗಳು ಹೋದರೆ ಯಾವ ತಿರುಪು ಎಲ್ಲಿಯದೆಂದು ಹೇಳುವ ಸಾಕ್ಷಿಯೇ ಇಲ್ಲದಂತಾಗುವುದು. ಕೊಳೆಯು ಮತ್ತೆ ಕೂತರೆ ಮತ್ತೆ ತೆಗೆಯಬಹುದು; ತೆಗೆದ ಲೋಹವನ್ನು ಮರಳಿ ಇಡುವ ಉಪಾಯವು ಯಾವ ಕಸಬಿನವನಲ್ಲಿಯೂ ಇಲ್ಲ. ಹಿರಿಯರ ಕಾಲದ ಯಂತ್ರವು ಮನೆಯಲ್ಲಿರುವವರು ಕೈಯಿಡುವುದಕ್ಕೆ ಮೊದಲು ಇದೊಂದನ್ನು ನೆನೆದರೆ, ಅದು ಮಕ್ಕಳ ಕೈಯಲ್ಲಿಯೂ ನಯವಾಗಿ ತಿರುಗುವುದು.