ಬೈಗುಳ ಚರಂಡಿಗೆ, ಮಲೇರಿಯಾ ಸಂಪಿನಲ್ಲಿ!

ತುಮಕೂರು: ಸೊಳ್ಳೆ ಕಚ್ಚಿತೋ, ಊರಿನ ಜನ ಮೊದಲು ಶಾಪ ಹಾಕುವುದು ಪಾಲಿಕೆಯ ಚರಂಡಿಗೆ. ಚರಂಡಿ ನಾರುವುದು ನಿಜ, ಬೈಯಲೂಬೇಕು. ಆದರೆ ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆಗೆ ಕೊಳಚೆ ಅಷ್ಟಾಗಿ ಹಿಡಿಸದು. ಪೇಟೆಯಲ್ಲಿ ಅದಕ್ಕೆ ಬೇಕಾದ್ದು ತಿಳಿನೀರು: ಮುಚ್ಚಳವಿಲ್ಲದ ಸಂಪು, ಮಹಡಿ ಮೇಲಿನ ಟ್ಯಾಂಕು, ಬಾವಿ. ಹಗಲು ಅಡಗಿ ಕೂತು ರಾತ್ರಿ ಕಚ್ಚುವ ಜಾತಿ ಅದು.

ಹಳಬರಿಗೆ ನೆನಪಿರಬಹುದು. ಗೋಡೆಗೆ ಡಿಡಿಟಿ ಹೊಡೆದು ತಾರೀಖು ಬರೆದು ಹೋಗುತ್ತಿದ್ದರು. ಹದಿನೈದು ದಿನಕ್ಕೊಮ್ಮೆ ಬಂದು "ಯಾರಿಗಾದ್ರೂ ಜ್ವರ ಐತೇನಮ್ಮಾ?" ಎಂದು ಕೇಳಿ, ಬೆರಳು ಚುಚ್ಚಿ ರಕ್ತ ತೆಗೆಯುತ್ತಿದ್ದರು. ಸ್ವಾತಂತ್ರ್ಯ ಬಂದಾಗ ವರ್ಷಕ್ಕೆ ಸುಮಾರು ಏಳೂವರೆ ಕೋಟಿ ಜನರನ್ನು ಮಲಗಿಸುತ್ತಿದ್ದ ಜ್ವರ, 1953ರ ನಿಯಂತ್ರಣ ಯೋಜನೆ ಮತ್ತು 1958ರ ನಿರ್ಮೂಲನ ಯೋಜನೆಗಳ ಏಟಿಗೆ 1965ರ ಹೊತ್ತಿಗೆ ಒಂದು ಲಕ್ಷದ ಆಸುಪಾಸಿಗೆ ಇಳಿಯಿತು. ಗೆದ್ದೆವೆಂದು ಮೈಮರೆತದ್ದೇ ತಪ್ಪಾಯಿತು. ಸೊಳ್ಳೆಯೂ ಡಿಡಿಟಿಗೆ ಜಗ್ಗದಾಯಿತು. 1976ರಲ್ಲಿ 64 ಲಕ್ಷ! ಶ್ರೀಲಂಕಾದ್ದೂ ಇದೇ ಕಥೆ. 1963ರಲ್ಲಿ ಬರೀ 17 ಪ್ರಕರಣ. ಐದಾರು ವರ್ಷದಲ್ಲಿ ಐದು ಲಕ್ಷ ದಾಟಿತು. ಮತ್ತೆ ಬೆವರು ಸುರಿಸಿ 2016ರಲ್ಲಷ್ಟೇ ಆ ದೇಶ ಮಲೇರಿಯಾ ಮುಕ್ತ ಎನಿಸಿಕೊಂಡಿತು.

ಭಾರತದ ಗಡುವು 2030. ಅದಕ್ಕೆ ಮೊದಲು, 2027ರೊಳಗೆ, ಇಲ್ಲೇ ಹುಟ್ಟುವ ಪ್ರಕರಣ ಸೊನ್ನೆಯಾಗಬೇಕು. ಮೂರು ವರ್ಷ ಸೊನ್ನೆಯಾಗಿಯೇ ಉಳಿದರೆ ಮಾತ್ರ ವಿಶ್ವ ಆರೋಗ್ಯ ಸಂಸ್ಥೆಯ ಸರ್ಟಿಫಿಕೇಟು. 2023ರಲ್ಲಿ ದೇಶದಲ್ಲಿ ದಾಖಲಾದದ್ದು ಸುಮಾರು 2.27 ಲಕ್ಷ.

ಹಾಗಾದರೆ ಕುಣಿಗಲ್ಲಿನವರಿಗೇನು ಚಿಂತೆ? ಚಿಂತೆ ಬಸ್ಸಿನಲ್ಲೇ ಬರುತ್ತದೆ. ಮಂಗಳೂರು-ಬೆಂಗಳೂರು ಹೆದ್ದಾರಿ ಊರ ಮಗ್ಗುಲಲ್ಲೇ ಇದೆ. ರಾಜ್ಯದ ಮಲೇರಿಯಾದಲ್ಲಿ ಬಹುಕಾಲ ದೊಡ್ಡ ಪಾಲು ಮಂಗಳೂರಿನ ಕಡೆಯದು. ಕಟ್ಟಡ ಕೆಲಸಕ್ಕೆ ಹೋದವನು ಕ್ರಿಮಿಯನ್ನು ರಕ್ತದಲ್ಲಿ ಹೊತ್ತು ತಂದರೆ, ಊರಿನ ಸೊಳ್ಳೆ ಅದನ್ನು ಪಕ್ಕದ ಮನೆಗೆ ಮುಟ್ಟಿಸುತ್ತದೆ. ಇನ್ನೊಂದು ಪೇಚು: ವೈವಾಕ್ಸ್ ಎಂಬ ಬಗೆಯ ಕ್ರಿಮಿ ಈಲಿಯಲ್ಲಿ ಅಡಗಿದ್ದು ತಿಂಗಳುಗಳ ಮೇಲೆ ಎದ್ದು ಬರುತ್ತದೆ. ಅದಕ್ಕೆಂದೇ 14 ದಿನದ ಪ್ರೈಮಾಕ್ವಿನ್ ಮಾತ್ರೆ. "ಜ್ವರ ಬಿಡ್ತಲ್ಲ, ಇನ್ನೇಕೆ?" ಎಂದು ಮೂರನೇ ದಿನಕ್ಕೆ ಮಾತ್ರೆ ಬಿಸಾಡುವ ಮಹನೀಯರಿಗೇನು ಹೇಳುವುದು!

ಗುಬ್ಬಿ ತೋಟಗಳ ತೆಂಗಿನ ಚಿಪ್ಪಿನಲ್ಲಿ ಬೆಳೆಯುವುದು ಡೆಂಗ್ಯೂ ಸೊಳ್ಳೆ, ಅದರ ಕಥೆ ಬೇರೆ. ಆದರೆ ವೀರಣ್ಣನವರ ನಾಟಕದೂರಿಗೆ ಹಿಡಿಸುವ ಸಂಗತಿಯೊಂದಿದೆ. 2001ರ ಡಿಸೆಂಬರಿನಲ್ಲಿ ರಾಜ್ಯದ ಮಲೇರಿಯಾ ಪೀಡಿತ ಹಳ್ಳಿಗಳಲ್ಲಿ ಎರಡು ವಾರ ಸಂಜೆ ಸಂಜೆ ಕಲಾಜಾಥಾ ನಡೆಸಿ, ಜ್ವರದ ಗುಟ್ಟನ್ನು ಹಾಡು-ಆಟದಲ್ಲಿ ಬಿಡಿಸಿ ಹೇಳಿದ್ದರು. ಬಾವಿಗೆ ಗಪ್ಪಿ ಮೀನು ಬಿಟ್ಟರೆ ಅವು ಸೊಳ್ಳೆಮರಿಗಳನ್ನು ನುಂಗುತ್ತವೆ.

ಚಳಿಜ್ವರ ಬಂದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತಪರೀಕ್ಷೆ ಪುಕ್ಕಟೆ. ಸಂಪಿನ ಮುಚ್ಚಳಕ್ಕೆ ಮಾತ್ರ ಮನೆಯವರೇ ದುಡ್ಡು ಬಿಚ್ಚಬೇಕು.